ಡ್ರಮ್ ರೂಮಿನ ಕೊಬ್ಬಿನ ಪಟ್ಟಿ

ಪಟ್ಟಿ ಟೈಪ್ ಮಾಡಿದವಳು ನಾನೇ. ನಾಳೆ ಯಾರಾದರೂ ಎತ್ತಿ ಆಡುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಅಕ್ಕ ಕೆಳಗೆ, ಒಗೆಯುವ ದೊಡ್ಡ ಮಷಿನ್‌ಗಳು ತಿರುಗುವ ಡ್ರಮ್ ರೂಮಿನಲ್ಲಿ, ನಾನು ಮೇಲೆ ಕಚೇರಿಯಲ್ಲಿ ಗುಮಾಸ್ತೆ. ಹೊಸದಾಗಿ ಬಂದ ಕ್ಷೇಮಾಧಿಕಾರಿ ಮೈಯ ಕೊಬ್ಬು ಅಳೆಯುವ ಮಷಿನ್ ತರಿಸಿದರು. ಎಲ್ಲರನ್ನೂ ಬರಿಗಾಲಲ್ಲಿ ಹತ್ತಿಸಿ ಶೇಕಡಾ ಎಷ್ಟೆಂದು ಬರೆದುಕೊಂಡರು. ಶೇಕಡಾ ನಲವತ್ತು ದಾಟಿದವರಿಗೆ ಹೃದಯ, ಸಕ್ಕರೆ, ಮಂಡಿ, ಎಲ್ಲದರ ಅಪಾಯವಂತೆ. ಅದಕ್ಕೆ ಸೋಮವಾರದಿಂದ ಅವರು ಡ್ರಮ್ ಬಿಟ್ಟು, ಗೋಡೆಗೆ ಮುಖ ಮಾಡಿ ಕೂತು ದಿಂಬಿನ ಕವರು ಮಡಿಸಬೇಕು. ದಾಟಿದವರು ಒಂಬತ್ತು ಜನ, ಒಂಬತ್ತೂ ಡ್ರಮ್ ರೂಮಿನ ಹೆಂಗಸರು. ಮೊದಲ ಹೆಸರು ಅಕ್ಕನದು: ನಲವತ್ತಮೂರು ಪಾಯಿಂಟ್ ಎಂಟು.

"ಗಣಿತದಲ್ಲಿ ಇಷ್ಟು ಬಂದಿದ್ರೆ ಪಾಸಾಗ್ತಿದ್ದೆ ಕಣೇ," ಎಂದಳು ಅಕ್ಕ, ನೋಟಿಸ್ ಬೋರ್ಡಿನ ಮುಂದೆ ನಿಂತು. ನಕ್ಕಳು.

ಇಪ್ಪತ್ತೆರಡು ವರ್ಷ ಅದೇ ಡ್ರಮ್ಮುಗಳ ಮುಂದೆ ನಿಂತವಳು ಅವಳು. ಒಂದು ಕ್ವಿಂಟಲ್ ಒದ್ದೆ ಬಟ್ಟೆ ಒಳಗೆ ಒಂದೇ ಕಡೆ ಗುಡ್ಡೆಯಾದರೆ, ಮೀಟರು ಕೆಂಪಾಗುವ ಮೊದಲೇ ಅವಳ ಕಿವಿಗೆ ತಿಳಿಯುತ್ತದೆ, ಓಡಿಹೋಗಿ ನಿಲ್ಲಿಸುತ್ತಾಳೆ. ಮಡಿಸುವ ಮೇಜಿಗೆ ಹಾಕಿದರೆ ಕೆಲಸ ಬಿಡುತ್ತೇನೆ ಎಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದಳು. ತಟ್ಟೆ ನೋಡುತ್ತಾ ಹೇಳಿದಳು. ಸುಮ್ಮನೆ ಹೆದರಿಸುವಾಗ ಅವಳು ನನ್ನ ಮುಖ ನೋಡುತ್ತಾಳೆ.

ನನಗೆ ಭಯವಾದರೆ ಓದುತ್ತೇನೆ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನೂ ಮೂರು ಸಲ ಓದುವವಳು ನಾನು. ಮರುದಿನ ಮಷಿನ್ ಬಂದ ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಕೂಡ ಹರಿಯದ ಒಂದು ಪುಸ್ತಿಕೆ ಸಿಕ್ಕಿತು. ಮಷಿನ್ನಿಗೆ ಕೊಬ್ಬು ಕಾಣುವುದಿಲ್ಲ ಎಂದಿತ್ತು ಅದರಲ್ಲಿ. ಒಂದು ಪಾದದಿಂದ ಇನ್ನೊಂದಕ್ಕೆ ಅದು ಗೊತ್ತೇ ಆಗದಷ್ಟು ಕರೆಂಟು ಹರಿಸುತ್ತದೆ. ಮೈಯ ನೀರು ಅದಕ್ಕೆ ದಾರಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ಇಲ್ಲದ ಕೊಬ್ಬನ್ನೂ ಅದು ಲೆಕ್ಕಕ್ಕೆ ಸೇರಿಸಿಬಿಡಬಹುದು. ದುಡಿದು ಬೆವರಿದ ಮೇಲೆ, ನೀರು ಕುಡಿಯದೆ ಹತ್ತಬೇಡಿ.

ಅಳತೆಯ ಹಾಳೆ ತೆಗೆದೆ. ಕಚೇರಿಯವರನ್ನು ಅಳೆದದ್ದು ಬೆಳಗ್ಗೆ ಒಂಬತ್ತಕ್ಕೆ, ಚಹಾ ಕುಡಿದ ಮೇಲೆ. ಡ್ರಮ್ ರೂಮಿನವರನ್ನು ಸಂಜೆ ನಾಲ್ಕೂವರೆಗೆ, ಪಾಳಿ ಮುಗಿಸಿ ಬಂದವರನ್ನು ಬಂದ ಹಾಗೇ.

ಕೆಳಗಿಳಿದು ಅಕ್ಕನ ಕಿವಿಯ ಹತ್ತಿರ ಕೂಗಿದೆ: "ಪಾಳಿಯಲ್ಲಿ ಎಷ್ಟು ನೀರು ಕುಡೀತೀಯಾ?"

"ಬಾಯಿ ಮುಕ್ಕಳಿಸೋಷ್ಟು!"

"ದಿನಾನೂ?"

"ಎರಡು ಮಹಡಿ ಹತ್ತಿ ಹೋಗೋರ್ಯಾರೇ?"

ಡ್ರಮ್ ರೂಮಿಗೆ ಶೌಚಾಲಯವಿಲ್ಲ. ಒಂದು ಪಾಳಿಯಲ್ಲಿ ಮೇಲಿನದಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೋದವರ ಹೆಸರಿನ ಮುಂದೆ ಕೆಂಪು ಗೀಟು ಬೀಳುತ್ತದೆ. ಅದಕ್ಕೇ ಅಲ್ಲೊಂದು ರೂಢಿ. ಹೊಸದಾಗಿ ಸೇರಿದ ಹುಡುಗಿಗೆ, ತಿರುಗುವ ಡ್ರಮ್ಮಿನ ಬಾಗಿಲು ತೆಗೆಯಬಾರದೆಂದು ಮೊದಲ ವಾರ ಕಲಿಸುತ್ತಾರೆ, ನೀರು ಕುಡಿಯಬಾರದೆಂದು ಎರಡನೇ ವಾರ. ಕುದಿನೀರಿನ ಆವಿಯ ಬಿಸಿಯಲ್ಲಿ ಎಂಟು ಗಂಟೆ.

ಕ್ಷೇಮಾಧಿಕಾರಿಯ ಮುಂದೆ ಪುಸ್ತಿಕೆ ಬಿಚ್ಚಿಟ್ಟೆ. ಮೇಜಿನ ಅಂಚು ಹಿಡಿದುಕೊಂಡು ನಿಂತೆ.

ಅವರು ಕೆಟ್ಟವರಲ್ಲ. ಅದೇ ಕಷ್ಟ. "ನಮ್ಮಪ್ಪ ಐವತ್ತಕ್ಕೇ ಹೃದಯ ನಿಂತು ಹೋದ್ರು. ನಾನು ನಿಮ್ಮಕ್ಕನ ಜೀವ ಉಳಿಸೋಕೆ ಹೊರಟಿದೀನಿ. ನೀವು ಅಡ್ಡ ನಿಲ್ತಿದೀರಲ್ಲ?"

"ಅಡ್ಡ ನಿಲ್ತಿಲ್ಲ ಸರ್. ಇನ್ನೊಂದು ಸಲ ಅಳೀರಿ ಅಂತಿದೀನಿ. ಬೆಳಗ್ಗೆ, ನೀರು ಕುಡಿದ ಮೇಲೆ."

"ಪಟ್ಟಿ ಆಗಲೇ ಮೇಲಿನೋರಿಗೆ ಹೋಗಿದೆ."

"ಹಾಗಿದ್ರೆ ತಿದ್ದಿದ ಪಟ್ಟಿನೂ ಹೋಗುತ್ತೆ."

ಇಷ್ಟು ಹೇಳಿದ್ದು ನಾನೇನಾ ಎಂದು ನನಗೇ ಅನುಮಾನವಾಯಿತು. ಅವರು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಷ್ಟು ಸಾಕಾಗಿತ್ತು.

ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಒಂಬತ್ತು ಹೆಂಗಸರು ಕಚೇರಿಯ ಓಣಿಯಲ್ಲಿ ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದರು. ಎದ್ದಾಗಿನಿಂದ ನೀರು ಕುಡಿದೂ ಕುಡಿದೂ ಎಲ್ಲರೂ ಮೇಲಿನ ಶೌಚಾಲಯಕ್ಕೆ ಹೋಗಿಬಂದಿದ್ದರು. "ಇವತ್ತು ಗೀಟು ಹಾಕೋಕೆ ಅವರ ಪೆನ್ನೇ ಸಾಲದು," ಎಂದಳು ನಾವೆಲ್ಲ ಪಿಸುಪಿಸು ಎಂದು ಕರೆಯುವವಳು. ಡ್ರಮ್ ರೂಮಿನಲ್ಲಿ ಎಲ್ಲರ ಗಂಟಲೂ ದೊಡ್ಡದೇ. ಇವಳು ಪಿಸುಗುಟ್ಟಿದರೆ ಗೇಟಿನವರೆಗೆ ಕೇಳುತ್ತದೆ, ಅದಕ್ಕೇ ಆ ಹೆಸರು.

ಕ್ಷೇಮಾಧಿಕಾರಿ ಬಂದರು, ಸಾಲು ನೋಡಿದರು, ನನ್ನನ್ನು ನೋಡಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಪಿಸುಪಿಸು ಮಷಿನ್ ಹತ್ತಿ ನಿಂತಿದ್ದಳು. ನಲವತ್ತೆರಡು ಇದ್ದದ್ದು ಮೂವತ್ತೆಂಟು. ಅವಳ ಹಿಂದಿನವಳದು ಮೂವತ್ತೇಳೂವರೆ. ನಾನು ಬರೆಯುತ್ತಾ ಹೋದೆ. ಎಂಟು ಜನ ಇಳಿದರು, ಎಂಟೂ ನಲವತ್ತರ ಒಳಗೆ. ಓಣಿಯಲ್ಲಿ ಗದ್ದಲವೋ ಗದ್ದಲ.

ಕೊನೆಗೆ ಅಕ್ಕ ಹತ್ತಿದಳು.

ನಲವತ್ತು ಪಾಯಿಂಟ್ ಆರು.

ಗದ್ದಲ ನಿಂತಿತು. ಮಷಿನ್ ನಮ್ಮ ಪಕ್ಷ ಸೇರಿಬಿಟ್ಟಿತು ಎಂದು ನಾನು ನಂಬಿದ್ದೆ.

"ನಾನು ಇಷ್ಟೇ ಹೇಳಿದ್ದು," ಎಂದರು ಕ್ಷೇಮಾಧಿಕಾರಿ, ಮೆಲ್ಲಗೆ. "ಎಂಟು ಹೆಸರು ತೆಗೀರಿ. ಒಂದಕ್ಕೆ ವರ್ಗಾವಣೆ ಪತ್ರ ಟೈಪ್ ಮಾಡಿ."

ಅಕ್ಕ ಮಷಿನ್ನಿನಿಂದ ಇಳಿಯಲೇ ಇಲ್ಲ.

"ನಾನು ದಪ್ಪ ಇದೀನಿ ಸಾರ್. ಇಲ್ಲ ಅಂದೋರ್ಯಾರು? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ, ನನ್ನ ತಂಗಿ ಅದನ್ನೂ ಲೆಕ್ಕ ಇಟ್ಕೊಂಡಿರ್ತಾಳೆ. ಸೊಂಟ ಅಳೀರಿ, ಬಿಪಿ ನೋಡಿ, ರಕ್ತ ತಗೊಳ್ಳಿ. ಡಾಕ್ಟ್ರು ಗುಳಿಗೆ ನುಂಗು ಅಂದ್ರೆ ನುಂಗ್ತೀನಿ. ಆದ್ರೆ ದಿನವಿಡೀ ಬಗ್ಗಿ ಎದ್ದು ದುಡಿಯೋಳನ್ನ ಹಿಡ್ಕೊಂಡೋಗಿ ಕುರ್ಚಿ ಮೇಲೆ ಕೂರಿಸಿದ್ರೆ ಕೊಬ್ಬು ಕರಗುತ್ತಾ? ಯಾವ ಪುಸ್ತಕದಲ್ಲಿದೆ ಹೇಳಿ, ನಮ್ಮವಳು ಓದ್ತಾಳೆ."

"ನಿಯಮ ನಾನು ಮಾಡಿದ್ದಲ್ಲ..." ಎಂದು ಅವರು ನನ್ನ ಕಡೆ ತಿರುಗಿದರು. "ಪತ್ರ."

ಇಷ್ಟು ವರ್ಷದಲ್ಲಿ ಅವರು, ಅವರಿಗಿಂತ ಮುಂಚಿನವರು, ಹೇಳಿದ್ದನ್ನೆಲ್ಲ ಟೈಪ್ ಮಾಡಿದ್ದೇನೆ. ನನ್ನ ಕೆಲಸ ಹೋದರೆ ಮನೆಯಲ್ಲಿ ಇಬ್ಬರೂ ಖಾಲಿ ಕೈ. ಇದು ತಲೆಯಲ್ಲಿ ಹಾದುಹೋಯಿತು; ನನ್ನ ತಲೆಯಲ್ಲಿ ಇಂಥದ್ದು ಹಾದುಹೋಗದೆ ಇರುವುದಿಲ್ಲ.

"ಆ ಪತ್ರ ನಾನು ಟೈಪ್ ಮಾಡಲ್ಲ," ಎಂದೆ. "ಇನ್ನೊಂದು ಮಾಡ್ತೀನಿ."

ಕೂತು ನಾಲ್ಕು ಸಾಲು ಟೈಪ್ ಮಾಡಿದೆ. ಮೊದಲ ಅಳತೆ ತಪ್ಪು ಹೊತ್ತಿನಲ್ಲಿ ಆಗಿದೆ, ರದ್ದು. ಡ್ರಮ್ ರೂಮಿನವರಿಗೆಲ್ಲ ಲಾಂಡ್ರಿಯ ಖರ್ಚಿನಲ್ಲಿ ವೈದ್ಯರ ತಪಾಸಣೆ. ವೈದ್ಯರೇ ಬರೆದುಕೊಡದೆ ಯಾರನ್ನೂ ಡ್ರಮ್ಮಿನಿಂದ ತೆಗೆಯುವಂತಿಲ್ಲ. ನೀರು ಕುಡಿದದ್ದಕ್ಕೆ, ಶೌಚಾಲಯಕ್ಕೆ ಹೋದದ್ದಕ್ಕೆ ಇನ್ನು ಮುಂದೆ ಗೀಟಿಲ್ಲ.

ಅವರು ಎರಡು ಸಲ ಓದಿದರು. "ನಾನು ಸಹಿ ಹಾಕದಿದ್ರೆ?"

"ಹಾಕ್ಬೇಡಿ," ಎಂದಳು ಅಕ್ಕ. "ಗೇಟಲ್ಲಿ ಆರು ಗಾಡಿ ಬೆಡ್‌ಶೀಟು ನಿಂತಿದೆ. ನೀವೇ ಇಳಿದು ಡ್ರಮ್ಮಿಗೆ ತುಂಬಿ. ನಿಮ್ಮ ಸೊಂಟಕ್ಕೂ ಒಳ್ಳೇದು."

ಒಬ್ಬೊಬ್ಬರಾಗಿ ಒಂಬತ್ತೂ ಜನ ಓಣಿಯ ನೆಲದ ಮೇಲೆ ಕೂತರು. ಚಪ್ಪಲಿ ಯಾರೂ ಹಾಕಿಕೊಳ್ಳಲಿಲ್ಲ. ನಾನೂ ಹೋಗಿ ಅಕ್ಕನ ಪಕ್ಕ ಕೂತೆ. ಫೋನು ಎರಡು ಸಲ ಹೊಡೆದುಕೊಂಡಿತು. ಅದನ್ನು ಎತ್ತಬೇಕಾದವಳು ನಾನು.

ಮೂರನೇ ಸಲ ಅವರೇ ಎತ್ತಿದರು. ಆಸ್ಪತ್ರೆಯವರು ಬೆಡ್‌ಶೀಟು ಎಲ್ಲಿ ಎಂದು ಕೇಳುತ್ತಿದ್ದರು. "ಬರುತ್ತೆ, ಬರುತ್ತೆ," ಎನ್ನುತ್ತಲೇ ಇನ್ನೊಂದು ಕೈಯಲ್ಲಿ ಪೆನ್ನು ಹುಡುಕಿ ಸಹಿ ಹಾಕಿದರು.

ಅಕ್ಕನ ರಕ್ತ ಪರೀಕ್ಷೆ ಮಂಗಳವಾರಕ್ಕಿದೆ. ವರದಿಯಲ್ಲಿ ಒಳ್ಳೆಯದೇ ಬರುತ್ತದೆ ಎಂದು ನಾನು ಹೇಳಲಾರೆ. ಅವಳ ಏದುಸಿರು ನನಗೆ ಗೊತ್ತು. ಆದರೆ ಸೋಮವಾರ ಬೆಳಗ್ಗೆ ಎಂಟೂವರೆಗೆ ಮೊದಲ ಡ್ರಮ್ ತುಂಬಿದವಳು ಅವಳೇ. ಅದರ ಸದ್ದು ಕಚೇರಿಯ ನೆಲಕ್ಕೆ ಬಡಿಯುತ್ತಿತ್ತು. ನಾನು ಒಂದು ಹೊಸ ಹಾಳೆ ಹಾಕಿ ಮೊದಲ ಸಾಲು ಟೈಪ್ ಮಾಡುತ್ತಿದ್ದೆ: ಡ್ರಮ್ ರೂಮಿಗೆ ಶೌಚಾಲಯ ಕಟ್ಟಿಸುವ ಬಗ್ಗೆ.