ಪಕ್ಕದ ಮನೆಯವಳು

"ಪಕ್ಕದ ಮನೆಯವಳು ಅಂತ ಹೇಳಿ, ಸಾಕು. ಇನ್ನೊಂದು ಮಾತು ಬೇಡ," ಎಂದು ಟೆಸ್ಸಾ ಕಾರಿನ ಬಾಗಿಲು ಹಿಡಿದು ಮತ್ತೊಮ್ಮೆ ಹೇಳಿಕೊಟ್ಟಳು.

"ನಂಗೇನು ಅರಳುಮರಳೇನೆ? ಪಕ್ಕದ ಮನೆಯವಳು. ಆಯ್ತಲ್ಲ?" ಮಿಸೆಸ್ ವೋಗಲ್ ಊರುಗೋಲು ಊರಿ ಎದ್ದರು. "ಲಿಪ್‌ಸ್ಟಿಕ್ ಜಾಸ್ತಿ ಆಯ್ತಾ?"

"ಚೆನ್ನಾಗಿದೆ, ನಡೀರಿ."

ಅಂಗಡಿಯ ಗಲ್ಲಾದಲ್ಲಿ ನಿಂತು ನಿಂತು ಟೆಸ್ಸಾಳ ಕಾಲುಗಳು ಬಿದ್ದುಹೋಗಿದ್ದವು. ಹೈಸ್ಕೂಲು ಸೇರಿದಾಗಿನಿಂದ ಅವಳದು ಇದೇ ಪಾಡು. ಶಾಲೆ ಬಿಟ್ಟಮೇಲೆ ಅಂಗಡಿ ಕೆಲಸ, ಅದು ಮುಗಿಸಿ ಬಂದು ಪಕ್ಕದ ಮನೆಯ ಮಿಸೆಸ್ ವೋಗಲ್‌ಗೆ ಸೂಪು ಬಿಸಿ ಮಾಡಬೇಕು, ಸ್ನಾನಕ್ಕೆ ಕೂರಿಸಬೇಕು, ಮೆಟ್ಟಿಲ ಮೇಲಿನ ಹಿಮ ಎತ್ತಿಹಾಕಬೇಕು. ಆಟದಲ್ಲಿ ಅವಳ ಹೆಸರಿಲ್ಲ, ಅಂಕಗಳೂ ಅಷ್ಟಕ್ಕಷ್ಟೆ. ಶಾಲೆ ಬಿಡುವ ಮುಂಚೆ ಆ ಸಭಾಂಗಣದಲ್ಲಿ ಒಂದು ಸಲ ತನ್ನ ಹೆಸರು ಕೂಗಲಿ ಎಂಬ ಆಸೆಯಷ್ಟೇ ಅವಳಿಗೆ ಉಳಿದಿತ್ತು. ಸಮಾಜಸೇವೆಯ ಪ್ರಶಸ್ತಿಗೆ ಆಯ್ಕೆಯಾದಾಗ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಆದರೆ ಸ್ವಂತ ಮನೆಯವರಿಗೆ ಮಾಡಿದ್ದು ಸೇವೆಯಲ್ಲ ಎಂಬುದು ನಿಯಮ. ನಿಯಮವೇನೂ ತಪ್ಪಲ್ಲ, ಇಲ್ಲದಿದ್ದರೆ ಉಂಡ ತಟ್ಟೆ ತೊಳೆದಿಟ್ಟವರೆಲ್ಲ ಪ್ರಶಸ್ತಿಗೆ ಸಾಲು ನಿಲ್ಲುತ್ತಿದ್ದರು. ಫೆಬ್ರವರಿಯಲ್ಲಿ ಟೆಸ್ಸಾಳ ಅಮ್ಮ ಹೋಗಿ ಹೋಗಿ ಮಿಸೆಸ್ ವೋಗಲ್‌ರ ಮಗ ರಿಕ್‌ನನ್ನೇ ಕೋರ್ಟಿನಲ್ಲಿ ಮದುವೆಯಾಗಿದ್ದಳು. ಮದುವೆಗೆ ಮುಂಚಿನ ಕೆಲಸ ಲೆಕ್ಕಕ್ಕುಂಟೇ ಎಂದು ಪ್ರಶಸ್ತಿ ಸಮಿತಿಯವರನ್ನು ಕೇಳಿದರೆ ಉತ್ತರ ಬರುವಷ್ಟರಲ್ಲಿ ಶಾಲೆಯೇ ಮುಗಿದಿರುತ್ತದೆ. ಅದಕ್ಕೇ ಶಾಲೆಯ ಸಲಹೆಗಾರ್ತಿ ಮಿಸ್ ಆಬಟ್ ತಲೆ ಎತ್ತದೆ, "ಮದುವೆ ವಿಷ್ಯ ನಂಗೆ ಗೊತ್ತೇ ಇಲ್ಲ. ಕೇಳಿದ್ರೆ ಪಕ್ಕದ ಮನೆಯವ್ರು ಅನ್ನು," ಎಂದಿದ್ದಳು.

ಸಭಾಂಗಣದ ಬಾಗಿಲಲ್ಲಿ ಸಮಿತಿಯ ಪ್ರೊಹಾಸ್ಕಾ ತೋಳಿನ ತುಂಬ ಪ್ರಶಸ್ತಿಯ ನೀಲಿ ಹುರಿಗಳನ್ನು ನೇತುಹಾಕಿಕೊಂಡು ನಿಂತಿದ್ದರು. ಸೇವೆ ಪಡೆದವರೇ ವೇದಿಕೆ ಹತ್ತಿ ಮಕ್ಕಳ ಕೊರಳಿಗೆ ಹುರಿ ಹಾಕುವುದು ಅಲ್ಲಿನ ಪದ್ಧತಿ.

"ಬನ್ನಿ ಅಮ್ಮಾ. ನಿಮ್ಮನ್ನ ಯಾರು ಅಂತ ಪರಿಚಯ ಮಾಡಿಸ್ಲಿ? ಟೆಸ್ಸಾಗೆ ನೀವು ಏನಾಗ್ಬೇಕು?"

ಮಿಸೆಸ್ ವೋಗಲ್ ಒಳಗೆ ಇಣುಕಿದರು. ಮುಂದಿನ ಸಾಲುಗಳಲ್ಲಿ ಊರಿನ ಅಜ್ಜಿಯರೆಲ್ಲ ಹೂವಿನ ಫ್ರಾಕು ತೊಟ್ಟು, ಫೋನು ಸಿದ್ಧಮಾಡಿಕೊಂಡು ಮೆರೆಯುತ್ತಿದ್ದರು. ಇವರ ಬೆನ್ನು ನೆಟ್ಟಗಾಯಿತು.

"ಏನಾಗ್ಬೇಕು ಅಂದ್ರೆ? ಅಜ್ಜಿ! ನಮ್ಮ ರಿಕ್ ಮಗಳಲ್ವೇನಯ್ಯಾ ಇವ್ಳು!"

ಪ್ರೊಹಾಸ್ಕಾ ಟೆಸ್ಸಾಳ ಕಡೆ ತಿರುಗಿದರು. "ಹೌದೇನಮ್ಮಾ?"

ಕೆಟ್ಟ ಮನುಷ್ಯನಲ್ಲ, ತಪ್ಪಿಸಿಕೊಳ್ಳಲು ತಾವಾಗಿ ಅವಕಾಶ ಕೊಡುತ್ತಿದ್ದರು. ವಯಸ್ಸಾಯಿತು, ಏನೇನೋ ಅಂತಾರೆ ಎಂದು ಟೆಸ್ಸಾ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮಾತು ನಾಲಗೆಯ ತುದಿಗೂ ಬಂತು. ಮಿಸೆಸ್ ವೋಗಲ್ ಅವಳನ್ನೇ ನೋಡುತ್ತಿದ್ದರು, ಬಾಯ್ತುಂಬ ನಗುತ್ತ.

"ಹೌದು," ಎಂದಳು ಟೆಸ್ಸಾ.

ಪ್ರೊಹಾಸ್ಕಾ ತೋಳಿನಿಂದ ಒಂದು ಹುರಿ ತೆಗೆದು ಜೇಬಿಗೆ ತುರುಕಿಕೊಂಡರು. "ನಿಯಮ ನಾನು ಮಾಡಿದ್ದಲ್ಲ ಮಗಳೇ," ಎಂದು ತಗ್ಗಿದ ದನಿಯಲ್ಲಿ ಹೇಳಿ ಪಕ್ಕಕ್ಕೆ ಸರಿದರು.

"ಏನಂದ?" ಕಿವಿ ಮಂದವಾದ ಮಿಸೆಸ್ ವೋಗಲ್ ಕೇಳಿದರು.

"ಒಳಗೆ ಕೂತ್ಕೊಳ್ಳಿ ಅಂದ್ರು."

ಕೂತರು. ಹೆಸರುಗಳು ಒಂದೊಂದಾಗಿ ಶುರುವಾದವು. ಪ್ರತಿ ಚಪ್ಪಾಳೆ ಮುಗಿದಾಗಲೂ ಮಿಸೆಸ್ ವೋಗಲ್ ಕುರ್ಚಿಯ ಅಂಚಿಗೆ ಜರುಗುತ್ತಿದ್ದರು. ಟೆಸ್ಸಾಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

"ಮುಂದಿಂದು ನಿಂದೇ ಕಣೇ. ಆ ಮೆಟ್ಲು ಹತ್ತೋವಾಗ ನನ್ನ ಕೈ ಬಿಡ್ಬೇಡ."

"ಇಲ್ಲ ಅಜ್ಜಿ." ಆ ಪದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಇನ್ಯಾರದೋ ಹೆಸರು ಕೂಗಿದರು. ಅಜ್ಜಿ ಎದ್ದೇಬಿಟ್ಟರು. ಟೆಸ್ಸಾ ಅವರ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು.