ಹಾಕದೇ ಬಿಟ್ಟ ರಬ್ಬರ್ ಪಟ್ಟಿ

ಟಲ್ಲಿ ಊರು ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಕ್ಲಾರಿಯವರ ಕಾರಿನ ವೈಪರ್ ಗಾಜಿನ ನಡುಮಧ್ಯೆ ನಿಂತುಬಿಟ್ಟಿತು. ಮುಂದೆ ರಸ್ತೆಯೇ ಕಾಣದಂಥ ಮಳೆ. ಕಿಟಕಿಯಿಂದ ತಲೆ ಹೊರಹಾಕಿ, ಬಾಳೆಕಾಯಿ ತುಂಬುವ ಶೆಡ್ಡೊಂದರ ತಗಡಿನ ಕೆಳಗೆ ಹೇಗೋ ಕಾರು ನುಗ್ಗಿಸಿದೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಕ್ಲಾರಿ ನಾನು ಮೊದಲು ಕೆಲಸ ಕಲಿತ ಗ್ಯಾರೇಜಿನ ಯಜಮಾನರು. ಹದಿನೆಂಟನೇ ವಯಸ್ಸಿಗೆ ನನ್ನ ಕೈಗೆ ಪಾನಾ ಕೊಟ್ಟವರು. ಈಗ ವಾರಕ್ಕೆ ಮೂರು ಸಲ ಇನ್ನಿಸ್‌ಫೇಲ್‌ ಆಸ್ಪತ್ರೆಯಲ್ಲಿ ಅವರಿಗೆ ಡಯಾಲಿಸಿಸ್. ರಸ್ತೆ ಮುಳುಗಿ ಹಿಂದಿನ ಸರದಿ ತಪ್ಪಿತ್ತು. ಕಾಲು ಊದಿಕೊಂಡು ಬೂಟು ಹಾಕಲಾಗದೆ ಚಪ್ಪಲಿಯಲ್ಲೇ ಹೊರಟಿದ್ದರು. ಮುಂದಿನ ಸೇತುವೆಯನ್ನು ಮಧ್ಯಾಹ್ನದೊಳಗೆ ಮುಚ್ಚುತ್ತಾರೆಂದು ರೇಡಿಯೋ ಹೇಳುತ್ತಲೇ ಇತ್ತು.

"ಮೊದ್ಲು ಫ್ಯೂಸ್ ನೋಡು, ರೋಂಡಾ," ಅಂದರು.

ಸುಟ್ಟಿತ್ತು. ಬೇರೆ ಹಾಕಿದೆ. ಸ್ವಿಚ್ ಒತ್ತಿದ ಕೂಡಲೇ ಅದೂ ಚಟ್ ಅಂತು.

"ಸುಮ್ನೆ ಎಷ್ಟು ಸುಡ್ತೀಯೇ? ಮೋಟರ್ ಪ್ಲಗ್ ಕೀಳು. ಆಗ್ಲೂ ಫ್ಯೂಸ್ ಹೋದ್ರೆ ಕೆಟ್ಟಿರೋದು ವೈರು, ಹೋಗ್ದಿದ್ರೆ ಮೋಟರು."

ಪ್ಲಗ್ ಕಿತ್ತು, ರೇಡಿಯೋದ ಫ್ಯೂಸನ್ನು ತೆಗೆದು ಇಲ್ಲಿ ಹಾಕಿದೆ. ರೇಡಿಯೋ ಸುಮ್ಮನಾಯಿತು. ಫ್ಯೂಸ್ ಉಳಿಯಿತು. ಅಂದರೆ ಕೆಟ್ಟಿದ್ದು ಮೋಟರೇ.

ಗಾಜಿನ ಬುಡದ ಪ್ಲಾಸ್ಟಿಕ್ ಮುಚ್ಚಳ ಎತ್ತಿದೆ. ಒಳಗೇನು ಕಾಣುತ್ತದೆಂದು ನನಗೆ ಗೊತ್ತಿತ್ತು. ಈಗ ನನ್ನದು ಕಾರಿನ ಗಾಜು ಹಾಕುವ ಕೆಲಸ; ಎರಡು ತಿಂಗಳ ಹಿಂದೆ ಈ ಗಾಜು ಬದಲಿಸಿದವಳು ನಾನೇ. ಗಾಜಿಗೂ ಮುಚ್ಚಳಕ್ಕೂ ನಡುವಿನ ರಬ್ಬರ್ ಪಟ್ಟಿ ಹರಿದಿತ್ತು. ಹೊಸದು ಬ್ರಿಸ್ಬೇನ್‌ನಿಂದ ಬರಲು ಎರಡು ವಾರ ಅಂತ ಅಂಗಡಿಯವರು ಅಂದರು. ಏನಾಗುತ್ತೆ ಬಿಡು ಅಂತ ಪಟ್ಟಿ ಇಲ್ಲದೆಯೇ ಮುಚ್ಚಿ ಕೊಟ್ಟಿದ್ದೆ.

ಆ ಸಂದಿಯಿಂದ ಇಳಿದ ನೀರು ನೇರ ಮೋಟರಿನ ಮೇಲೆ ಸುರಿದಿತ್ತು. ನೀರು ಹೊರಹೋಗುವ ತೂತನ್ನು ಎಲೆಗಸ ಕಟ್ಟಿಹಾಕಿ, ಅಲ್ಲೊಂದು ಪುಟ್ಟ ಹೊಂಡವೇ ಆಗಿತ್ತು. ಮೋಟರಿನ ಹಿಂಬದಿ ಬಿಚ್ಚಿದರೆ ಒಂದು ಚಮಚ ಕಂದು ನೀರು. ಒಳಗಿನ ತಾಮ್ರದ ತಟ್ಟೆಗೆ ಹಸಿರು ಕಿಲುಬು.

ಚಾಕುವಿನ ಮೊನೆಯಿಂದ ಕಿಲುಬು ಕೆರೆದೆ. ಕ್ಲಾರಿ ತಮ್ಮ ಕರ್ಚೀಫು ಚಾಚಿದರು. ಒರೆಸಿ, ಬಿಸಿ ಎಂಜಿನ್ ಮೇಲೆ ತಟ್ಟೆಯನ್ನು ಒಣಗಿಸಿದೆ. ಐದು ನಿಮಿಷ ಒಂದು ಗಂಟೆಯ ಹಾಗೆ ಸಾಗಿತು. ತೂತಿನ ಕಸ ಬಗೆದೆ, ಮೋಟರ್ ಕೂಡಿಸಿದೆ, ಸಂದಿಯುದ್ದಕ್ಕೂ ಟೇಪ್ ಬಿಗಿದೆ. ಸ್ವಿಚ್ ಒತ್ತಿದೆ. ವೈಪರ್ ಒಮ್ಮೆ ನರಳಿ, ಓಡಿತು.

ಕ್ಲಾರಿ ನಕ್ಕರು. "ಕೆಲ್ಸ ಇನ್ನೂ ಮರ್ತಿಲ್ಲ ನೀನು!"

ಆ ಹೊಗಳಿಕೆ ತಡೆಯಲಾಗಲಿಲ್ಲ. "ಬಾಸ್, ಪಟ್ಟಿ ಹಾಕದೇ ಬಿಟ್ಟವಳು ನಾನೇ. ಇದು ನನ್ನ ತಪ್ಪು."

ಅವರ ನಗು ಇಂಗಿಹೋಯಿತು. ಇನ್ನೂ ಮುಚ್ಚಿರದ ಸೇತುವೆಯತ್ತ ಕಾರು ಬಿಟ್ಟೆ. ಸೇತುವೆ ಮೇಲೆ ನೀರು ಚಕ್ರ ತೊಳೆಯುತ್ತಿತ್ತು. ದಾಟಿದ ಮೇಲೆ ನನ್ನತ್ತ ತಿರುಗದೆಯೇ ಕೇಳಿದರು:

"ಇನ್ನೆಷ್ಟು ಕಾರಿಗೆ ಹಿಂಗೆ ಮಾಡಿದ್ದೀಯ?"

"ಮೂರು."

"ಯಾರ್ಯಾರ್ದು?"

ಹೇಳಿದೆ. ಮೂರನೆಯದು ಶಾಲೆಯ ಟೀಚರ್ ಮೋರೀನ್‌ದು. ದಿನಾ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಹೋಗುವವರು.

"ನನ್ನ ಗ್ಯಾರೇಜಲ್ಲಿ ಇದನ್ನ ಮಾಡಿದ್ರೆ ಅವತ್ತೇ ಹೊರಗೆ ಹಾಕ್ತಿದ್ದೆ ಕಣೇ."

"ಗೊತ್ತು, ಬಾಸ್."

"ನಾನು ಮೆಷಿನ್‌ ಪಕ್ಕ ಡಯಾಲಿಸಿಸ್ಗೆ ಕೂತ ಮೇಲೆ ಐದು ಗಂಟೆ ನಿಂಗೇನು ಕೆಲ್ಸ? ಫೋನ್ ಮಾಡು. ಮೊದ್ಲು ಆ ಟೀಚರಮ್ಮಂಗೆ."

ಮುಕ್ಕಾಲು ಗಂಟೆ ತಡವಾದರೂ ನರ್ಸು ಅವರನ್ನು ಒಳಗೆ ಕರೆದುಕೊಂಡಳು. ನಾನು ಹೊರಗಿನ ಬೆಂಚಿನಲ್ಲಿ ಕೂರಲಾಗದೆ ಅತ್ತಿಂದಿತ್ತ ನಡೆದೆ. ಎರಡು ಸಲ ನಂಬರು ಒತ್ತಿ ಕತ್ತರಿಸಿದೆ. ಮೂರನೇ ಸಲ ಮೋರೀನ್ ಎತ್ತಿದರು.

"ಮೋರೀನ್, ನಾನು ಗಾಜಿನ ರೋಂಡಾ. ಇವತ್ತು ಕಾರು ತೆಗೀಬೇಡಿ. ಯಾಕೆ ಅಂತ ಹೇಳ್ತೀನಿ, ಬಯ್ಯೋದಿದ್ರೆ ಆಮೇಲೆ ಬಯ್ಯಿರಿ."

ಬೈದರು. ಚೆನ್ನಾಗಿಯೇ ಬೈದರು. ಆದರೆ ಕಾರು ತೆಗೆಯಲಿಲ್ಲ.