ಇವತ್ತಿನ ನೀರಿಗೆ ತಕ್ಕದ್ದು

ಡ್ರೈವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಕುಲುಕಿದ. ಒಳಗಿನ ನೀರು ಕೆಟ್ಟ ಚಹಾದ ಬಣ್ಣಕ್ಕೆ ತಿರುಗಿತು.

"ನೋಡಿ ಅಕ್ಕಾ, ಬೆಳಿಗ್ಗೆ ಎದ್ದವನೇ ಕೆರೆಗೆ ಹೋಗಿ ತುಂಬಿಸ್ಕೊಂಡು ಬಂದೆ. ಇದು ಇವತ್ತಿನ ನೀರು. ಕದಡಿದೆ. ಕದಡಿದ ನೀರಿಗೆ ಕಪ್ಪು. ಮುಗೀತು."

"ಎಲ್ಲಿ ಮುಗೀತು?" ಎಂದರು ಹಲ್ಲಿನ ಡಾಕ್ಟರು. "ಹಾಗೆ ಕುಲುಕಿದ್ರೆ ಯಾವ ನೀರಾದ್ರೂ ಕದಡತ್ತೆ ಕಣಯ್ಯಾ. ಮೊದಲು ಅದನ್ನ ಕೆಳಗಿಡು."

ಆಕೆ ಮಂಚದ ತುದಿಯಲ್ಲಿ ಗಂಡನ ಲೂರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಗೋಡೆಯಾಚೆ ನಡುಮನೆಯಲ್ಲಿ ಗಂಡ ಇನ್ನೊಂದು ಪೆಟ್ಟಿಗೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರ ಗೊಡವೆಯೂ ಇಲ್ಲದೆ ಮಲಗಿದ್ದ. ಆಕೆಯ ತೊಡೆಯ ಮೇಲಿದ್ದ ಪೆಟ್ಟಿಗೆಯಲ್ಲಿ ಮಾತ್ರ ಪುಟ್ಟ ಪುಟ್ಟ ಮುಚ್ಚಳದ ಮನೆಗಳು, ಮನೆಯೊಳಗೆ ಮನೆಗಳು, ಒಂದೊಂದರಲ್ಲೂ ಬಣ್ಣಬಣ್ಣದ ಮೀನು, ಹುಳ, ಕಪ್ಪೆ. ಯಾವುದಕ್ಕೂ ಜೀವವಿಲ್ಲ. ಎಲ್ಲ ಮರದ್ದು, ರಬ್ಬರಿನದು. ಕೆರೆಯ ಬಾಸ್ ಮೀನಿನ ಕಣ್ಣಿಗೆ ಮಣ್ಣೆರಚಲು ಮಾಡಿದ ಗೊಂಬೆಗಳು. ಮೀನು ನಿಜವೆಂದು ನಂಬಿ ಬಾಯಿ ಹಾಕಿದರೆ ಹೊಟ್ಟೆಯ ಕೆಳಗೆ ಅಡಗಿದ ಕೊಕ್ಕೆ ತನ್ನ ಕೆಲಸ ಮಾಡುತ್ತದೆ. ಅದಕ್ಕೆ ಗಂಡ ಲೂರ್ ಎನ್ನುತ್ತಿದ್ದ. ಆಕೆ ಆಟದ ಸಾಮಾನು ಎನ್ನುತ್ತಿದ್ದಳು.

ಈಗ ಆ ಆಟದ ಸಾಮಾನೇ ಆಕೆಯ ಜೀವ ಹಿಂಡುತ್ತಿತ್ತು. ಕಾಯಿಲೆ ಜೋರಾದ ಮೇಲೆ ಒಂದು ಮಧ್ಯಾಹ್ನ ಗಂಡ ಮಲಗಿದಲ್ಲಿಂದಲೇ ಹೇಳಿದ್ದ, "ನಾನು ಹೋಗೋ ದಿನ ಜೇಬಲ್ಲಿ ಒಂದು ಲೂರ್ ಇಡು. ಅವತ್ತಿನ ನೀರಿಗೆ ತಕ್ಕದ್ದು. ಸುಮ್ನೆ ಕೈಗೆ ಸಿಕ್ಕಿದ್ದನ್ನ ತುರುಕಬೇಡ." ಆಕೆ ಬಟ್ಟೆ ಮಡಚುತ್ತ, ತಿರುಗಿಯೂ ನೋಡದೆ, ಹೂಂ ಎಂದಿದ್ದಳು. ಲೂರಿನ ಮಾತು ಬಂದಾಗಲೆಲ್ಲ ಹೂಂ ಎಂದು ಕೈತೊಳೆದುಕೊಳ್ಳುವುದು ಮದುವೆಯಾದಾಗಿನಿಂದ ಆಕೆಗೆ ರೂಢಿ. ಆ ಎಲ್ಲ ಹೂಂಗಳೂ ಗಾಳಿಗೆ ಹೋಗಿದ್ದವು. ಇದೊಂದು ಗಂಟಲಲ್ಲೇ ಕೂತಿತ್ತು. ಕೊನೆಯದಾಗಿ ಕೇಳಿದ್ದು ಇಷ್ಟೇ. ಅದನ್ನೂ ತಪ್ಪು ಮಾಡಿ ಕಳಿಸಿದರೆ ಮುಂದೆ ಯಾವ ಮುಖ ಇಟ್ಟುಕೊಂಡು ಅವನನ್ನು ನೆನೆಯುವುದು?

ಅದಕ್ಕೇ ಅವನ ಜೊತೆ ಮೀನು ಹಿಡಿಯುತ್ತಿದ್ದ ಇಬ್ಬರು ಗೆಳೆಯರನ್ನು ಒಳಗೆ ಕರೆಸಿದ್ದಳು. ಅದೇ ಎಡವಟ್ಟಾದದ್ದು.

"ಆಕಾಶ ನೋಡಿ," ಎಂದರು ಡಾಕ್ಟರು. "ಮೋಡ ಕವಿದಿದೆ. ಮೋಡಕ್ಕೆ ಹಳದಿ. ಅದೂ ಹೊಟ್ಟೆಯೊಳಗೆ ಗಲಗಲ ಅನ್ನೋ ಹಳದಿ. ಕಾಣದಿದ್ರೂ ಮೀನಿಗೆ ಕೇಳಿಸ್ಬೇಕು."

"ಗಲಗಲ ಅಂದ್ರೆ ಓಡಿ ಹೋಗತ್ತೆ. ನಿಮ್ಮ ಮಷೀನಿನ ಸದ್ದಿಗೆ ನಿಮ್ಮ ಪೇಷಂಟುಗಳು ಓಡಲ್ವಾ, ಹಾಗೆ."

"ನನ್ನ ಪೇಷಂಟು ಯಾರೂ ಓಡಿಲ್ಲ!"

"ನಾನು ಓಡಿದ್ದೆ."

ಬಾಗಿಲು ತೆರೆದು ನಾದಿನಿ ಇಣುಕಿದಳು. ಅಣ್ಣ ತೀರಿಕೊಂಡ ಗಳಿಗೆಯಿಂದ ಮನೆಯ ಉಸ್ತುವಾರಿಯನ್ನೆಲ್ಲ ತಲೆಯ ಮೇಲೆ ಹೊತ್ತು ಓಡಾಡುತ್ತಿದ್ದವಳು ಅವಳೇ. ಕಣ್ಣೀರಿಗೂ ಅವಳು ಹೊತ್ತು ನಿಗದಿ ಮಾಡಿಕೊಂಡಂತಿತ್ತು.

"ಅತ್ತಿಗೇ, ಹೊರಗೆ ಜನ ತುಂಬಿದ್ದಾರೆ. ಒಳಗೇನು ಇದು ಸಂತೆ?"

"ಬಂದೆ ಕಣೇ. ಇವರು ಒಂದು ತೀರ್ಮಾನಕ್ಕೆ ಬಂದ್ರೆ ಬಂದೆ."

"ಇವರಾ?" ನಾದಿನಿ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಹೂಗಳಿಗೆ ಜಾಗ ಹುಡುಕಿ, ಮೇಜಿನ ಮೇಲೆ ನೀರು ತುಂಬಿದ ಬಾಟಲಿ ಕಂಡದ್ದೇ ತಡ, ದಂಟುಗಳನ್ನು ಅದರೊಳಗೆ ತುರುಕಿ ಹೊರಟುಹೋದಳು.

ಬಾಗಿಲ ಸಂದಿಯಿಂದ ಆಕೆಗೆ ನಡುಮನೆ ಕಾಣಿಸಿತು. ಗಂಡ ಬೀದಿಯ ಮೂಲೆಯಲ್ಲಿ ಕನ್ನಡಕದಂಗಡಿ ಇಟ್ಟವನು. ಕೂತಿದ್ದವರಲ್ಲಿ ಮುಕ್ಕಾಲು ಪಾಲು ಜನರ ಮೂಗಿನ ಮೇಲೆ ಅವನೇ ಆರಿಸಿ ಕೂರಿಸಿದ ಕನ್ನಡಕ. ಒಬ್ಬರಿಗೆ ಅಳು ಬಂದರೆ ಸಾಲಿಗೆ ಸಾಲೇ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿತ್ತು. ನಿನ್ನೆ ಸಂಜೆಯಿಂದ ಅವರೆಲ್ಲ ಬರುತ್ತಲೇ ಇದ್ದರು, ಆಕೆಯ ಕೈ ಹಿಡಿಯುತ್ತಲೇ ಇದ್ದರು. ಗಂಡನ ಹತ್ತಿರ ಒಂದು ಗಳಿಗೆ ಕೂರಲು ಆಕೆಗೆ ಬಿಡುವೇ ಸಿಕ್ಕಿರಲಿಲ್ಲ.

* * *

ಆಕೆ ಅವನೊಂದಿಗೆ ಕೆರೆಗೆ ಹೋದದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಆಕೆಯನ್ನು ಕೂರಿಸಿ ಅವನು ನೀರಿನಲ್ಲಿ ಬೆರಳು ಅದ್ದಿದ, ಮೋಡ ನೋಡಿದ, ಹುಲ್ಲಿನ ಎಸಳು ಕಿತ್ತು ಗಾಳಿಗೆ ಬಿಟ್ಟ. ಬೆಳ್ಳಿ ಬಣ್ಣದ್ದೊಂದು ಕಟ್ಟಿ ಎಸೆದ. ಮೂರನೆಯ ಎಸೆತಕ್ಕೇ ದೊಡ್ಡದೊಂದು ಬಾಸ್ ಸಿಕ್ಕಿತು. ಆಕೆ ಎದ್ದುನಿಂತು ಚಪ್ಪಾಳೆ ತಟ್ಟಿದಳು. ಅವನು ಮೀನನ್ನು ಮೆಲ್ಲನೆ ಬಿಡಿಸಿ ನೀರಿಗೆ ಬಿಟ್ಟ, ಚಾಕು ತೆಗೆದ, ದಾರ ಕತ್ತರಿಸಿ ಲೂರನ್ನು ಪೆಟ್ಟಿಗೆಗೆ ಹಾಕಿದ.

"ಅಯ್ಯೋ, ಅದರಲ್ಲೇ ಸಿಕ್ತಲ್ಲ. ಅದನ್ನೇ ಹಾಕಿ."

"ಅದು ಬಿಸಿಲಿಗೆ ಸಿಕ್ಕಿದ್ದು," ಎಂದ ಅವನು. "ಈಗ ಮೋಡ ಬಂತು ನೋಡು."

ಮೋಡ ಹೋಯಿತು, ಅವನು ಬದಲಾಯಿಸಿದ. ಗಾಳಿ ಎದ್ದಿತು, ಬದಲಾಯಿಸಿದ. ಎಮ್ಮೆಯೊಂದು ನೀರಿಗಿಳಿದು ರಾಡಿ ಮಾಡಿತು, ಅದಕ್ಕೂ ಒಂದು ಹುಡುಕಿದ. ಆ ದಿನ ಅವನ ಲೂರು ನೀರಿನಲ್ಲಿದ್ದದ್ದಕ್ಕಿಂತ ಅವನ ಬಾಯಲ್ಲಿ, ಗಂಟು ಕಟ್ಟುವಾಗ ಹಲ್ಲಿಗೆ ಸಿಕ್ಕಿಸಿಕೊಂಡು, ಇದ್ದದ್ದೇ ಹೆಚ್ಚು. ಸಂಜೆ ಹೊತ್ತಿಗೆ ಆಕೆಯ ಮೂಗು ಬಿಸಿಲಿಗೆ ಸುಟ್ಟು ಉರಿಯುತ್ತಿತ್ತು. ಇನ್ನು ಜನ್ಮದಲ್ಲಿ ನಿಮ್ಮ ಜೊತೆ ಬರಲ್ಲ ಎಂದಳು. ಅವನು ಆಯ್ತು ಎಂದ. ಬಾ ಅಂತ ಇನ್ನೊಂದು ಸಲ ಕರೆಯಲಿ ಎಂದು ಆಕೆ ಎಷ್ಟೋ ಭಾನುವಾರ ಕಾದಳು. ಹೇಳಿದ ಮಾತಿಗೆ ಗೌರವ ಕೊಡುವ ಮನುಷ್ಯ ಅವನು. ಕರೆಯಲೇ ಇಲ್ಲ. ಆಗಿನಿಂದ ಆಕೆಗೂ ಕೆರೆಗೂ ಎಣ್ಣೆ ಸೀಗೆಕಾಯಿ.

* * *

"ಅಮ್ಮಾ, ಮುಚ್ಚಳ ಹಾಕೋ ಹೊತ್ತಾಯ್ತು."

ಬಾಗಿಲಲ್ಲಿ ಶವದ ಗಾಡಿಯವನು ನಿಂತಿದ್ದ. ಕಪ್ಪು ಕೋಟು, ಗಂಟು ಮುಖ, ಕೈಯಲ್ಲಿ ಗಡಿಯಾರ. ತಡ ಮಾಡುವ ಮನೆಗಳನ್ನು ನೋಡಿ ನೋಡಿ ಬೇಸತ್ತವನ ದನಿ. ಅವನ ಕಣ್ಣು ಡಾಕ್ಟರ ಬೆರಳುಗಳ ನಡುವಿನ ಹಳದಿ ಲೂರಿನ ಮೇಲೆ ಬಿತ್ತು.

"ಅದನ್ನ ಒಳಗೆ ಇಡ್ತೀರಾ? ಆಗಲ್ಲ. ಮೊನೆ ಇರೋದು ಏನನ್ನೂ ಬಿಡಲ್ಲ ನಾನು. ನನ್ನ ಆಳುಗಳ ಕೈಗೆ ಚುಚ್ಚಿದ್ರೆ ಯಾರು ಜವಾಬ್ದಾರಿ?"

"ಒಂದೇ ಒಂದು," ಎಂದಳು ಆಕೆ. "ಅವರು ಕೇಳಿದ್ದು ಅದೊಂದೇ. ಇವತ್ತಿನ ನೀರಿಗೆ ತಕ್ಕದ್ದು ಅಂತ."

"ಏನೇ ಆದ್ರೂ ರೂಲ್ಸು ರೂಲ್ಸೇ ಅಮ್ಮಾ." ಅವನು ಒಂದು ಹೆಜ್ಜೆ ಒಳಗಿಟ್ಟ. ಕತ್ತು ಪೆಟ್ಟಿಗೆಯ ಕಡೆ ತಾನಾಗಿ ಬಾಗಿತು. "ಆದ್ರೂ ಮೋಡಕ್ಕೆ ಹಳದಿ ಅಂತ ಯಾರು ಹೇಳಿದ್ದು?"

"ನಾನು," ಎಂದರು ಡಾಕ್ಟರು.

"ಗಾಳಿ ನಿಂತಿದೆ, ನೋಡಿದ್ರಾ? ಎಲೆ ಅಲ್ಲಾಡ್ತಿಲ್ಲ. ಇಂಥ ದಿನ ಮುಳುಗೋ ಲೂರು ಯಾಕೆ? ಮೇಲೆ ತೇಲೋ ಕಪ್ಪೆ ಬಿಟ್ರೆ ಬಾಸು ಬುಡುಕ್ಕಂತ ಎದ್ದು ಬರತ್ತೆ. ಅಯ್ಯೋ, ಇದು ಮರದ ಕಪ್ಪೆ! ಇದು ಈಗ ಎಲ್ಲೂ ಸಿಗಲ್ಲ ಅಮ್ಮಾ." ಗಡಿಯಾರ ಜೇಬಿಗೆ ಹೋಯಿತು. ಗಾಡಿಯವನು ಮಂಚದ ಇನ್ನೊಂದು ತುದಿಯಲ್ಲಿ ಕುಳಿತೇಬಿಟ್ಟ.

ಆಕೆ ತಲೆಯ ಮೇಲೆ ಕೈಹೊತ್ತಳು. ಇಬ್ಬರಿದ್ದದ್ದು ಮೂವರಾದರು.

ಅಷ್ಟರಲ್ಲಿ ಡಾಕ್ಟರು ಮೇಜಿನ ಕಡೆ ಬೆರಳು ತೋರಿಸಿದರು. ಬಾಟಲಿಯ ಕೆಸರೆಲ್ಲ ತಳ ಸೇರಿ, ದಂಟುಗಳ ಸುತ್ತ ನೀರು ತಿಳಿಯಾಗಿ ನಿಂತಿತ್ತು. "ನೋಡ್ರಪ್ಪಾ! ತಿಳಿ ನೀರು. ತಿಳಿ ನೀರಿಗೆ ಬೆಳ್ಳಿ."

"ಈಗ ತಾನೇ ಹಳದಿ ಅಂದ್ರಲ್ಲ ಡಾಕ್ಟ್ರೇ?" ಎಂದ ಡ್ರೈವರು.

"ನೀರು ಬದಲಾಯ್ತಲ್ಲಯ್ಯಾ!"

ಡ್ರೈವರು ಬಾಟಲಿಗೆ ಕೈಹಾಕಿದ, ಕುಲುಕಲು. ಡಾಕ್ಟರು ಅವನ ಕೈ ಹಿಡಿದರು. ಹೂಗಳು ನೆಲದ ಪಾಲಾದವು. ಆಕೆಗೆ ಸಿಟ್ಟು ಬರಬೇಕಿತ್ತು, ಬಂದದ್ದು ಬೇರೆಯೇ. ನೀರು ಬದಲಾಯ್ತಲ್ಲ ಎಂಬ ಆ ಮಾತಿನಲ್ಲಿ ಗಂಡನ ದನಿಯೇ ಕೇಳಿದಂತಾಯಿತು. ಇವರನ್ನು ಇವರ ಪಾಡಿಗೆ ಬಿಟ್ಟರೆ ನಾಳೆ ಬೆಳಗಾದರೂ ತೀರ್ಮಾನಕ್ಕೆ ಬರುವವರಲ್ಲ, ಅಷ್ಟರಲ್ಲಿ ಮೋಡವೂ ಸರಿದಿರುತ್ತದೆ. ಇಂಥವರನ್ನು ದಾರಿಗೆ ತರುವ ಉಪಾಯ ಒಬ್ಬನಿಗೆ ಗೊತ್ತಿತ್ತು.

* * *

ಹಿಂದೊಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಸಂಗೀತದ ಮೇಷ್ಟ್ರು ಎದ್ದೇಳುವ ಲಕ್ಷಣವೇ ಇರಲಿಲ್ಲ. ಗಂಡ ಒಂದರ ಮೇಲೊಂದು ಗಾಜು ಹಾಕಿ ಇದು ವಾಸಿನಾ, ಇದು ವಾಸಿನಾ ಎಂದು ಕೇಳುತ್ತಲೇ ಇದ್ದ. ಮೇಷ್ಟ್ರು ಇದೂ ಇರಬಹುದು ಅದೂ ಇರಬಹುದು ಎನ್ನುತ್ತಲೇ ಇದ್ದರು. ಕೊನೆಗೆ ಒಂದು ಗಾಜಿಗೆ, "ಹಾಂ, ಇದು! ಅದಕ್ಕಿಂತ ಎಷ್ಟೋ ವಾಸಿ!" ಎಂದು ಮುಖ ಅರಳಿಸಿಕೊಂಡು ಎದ್ದುಹೋದರು.

ಗಾಜಿನ ಬೀರು ಒರೆಸುತ್ತಿದ್ದ ಆಕೆ, ಕೊನೆಗೂ ಸರಿಯಾದ್ದು ಸಿಕ್ತಲ್ಲ ಎಂದಳು.

"ಅದಕ್ಕೆ ಮುಂಚೆ ಹಾಕಿದ್ದೂ ಅದೇ ಗಾಜು," ಎಂದ ಗಂಡ. "ತೆಗೆದು ಮತ್ತೆ ಅದನ್ನೇ ಹಾಕ್ದೆ."

"ಅಯ್ಯೋ, ಮೋಸ ಅಲ್ವೇನ್ರೀ?"

"ಮೋಸ ಏನು ಬಂತು? ಗಾಜು ಸರಿಯಾಗೇ ಇದೆ. ಮನುಷ್ಯನ ಮನಸ್ಸಿಗೆ ಇನ್ನೊಂದು ಸಲ ನೋಡ್ಬೇಕು ಅನ್ಸತ್ತೆ, ಅಷ್ಟೆ. ಎರಡನೇ ಸಲ ನೋಡಿದ್ದೇ ಚೆನ್ನಾಗಿ ಕಾಣೋದು."

"ಮದುವೆಗೆ ಮುಂಚೆ ನೀವೂ ನಮ್ಮನೆಗೆ ಎರಡು ಸಲ ಬಂದಿದ್ರಿ."

"ಹೂಂ," ಎಂದ ಗಂಡ, ಗಾಜುಗಳನ್ನು ಜೋಡಿಸುತ್ತ. "ಎರಡನೇ ಸಲ ನೀನು ತುಂಬಾನೇ ಚೆನ್ನಾಗಿ ಕಂಡೆ."

ಆಕೆ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಿದ್ದಳು. ಅದು ಮಾತ್ರ ಗುರಿ ತಪ್ಪಿರಲಿಲ್ಲ.

* * *

ಆಕೆ ಪೆಟ್ಟಿಗೆಯನ್ನೆಲ್ಲ ಕೆದಕಿ, ಬಣ್ಣ ಎದ್ದುಹೋದ, ಮೈತುಂಬ ಗೀರು ಬಿದ್ದ ಒಂದು ಹಸಿರು ಮೀನನ್ನು ಹಿಡಿದಳು. ಮನುಷ್ಯರ ಮಾತು ಕೇಳಿ ಸಾಕಾಗಿತ್ತು. ಮೀನುಗಳೇ ಇಷ್ಟು ಸಲ ಬಾಯಿ ಹಾಕಿದ್ದರೆ ಅವಕ್ಕೂ ಏನೋ ಅಭಿಪ್ರಾಯವಿರಬೇಕು.

"ಮೂರು ಜನಾನೂ ಇಲ್ಲಿ ನೋಡಿ," ಎಂದಳು. "ಜಗಳ ಬೇಡ. ತೋರಿಸಿದ್ದಕ್ಕೆ ಬರೀ ಹೌದು, ಇಲ್ಲ ಅನ್ನಿ. ಇದು?"

"ಮಂಕು," ಎಂದರು ಡಾಕ್ಟರು.

"ದಪ್ಪ ಆಯ್ತು," ಎಂದ ಡ್ರೈವರು.

"ನಡೆಯಲ್ಲ ಅಮ್ಮಾ," ಎಂದ ಗಾಡಿಯವನು.

ಆಕೆ ಅವರಿಗೆ ಬೆನ್ನು ಹಾಕಿ ಪೆಟ್ಟಿಗೆಯೊಳಗೆ ಕೈಯಾಡಿಸಿದಳು. ಒಂದೆರಡು ಮನೆಗಳನ್ನು ಜೋರಾಗಿ ತೆಗೆದಳು, ಮುಚ್ಚಿದಳು. ಆಮೇಲೆ ತಿರುಗಿ ಅದೇ ಹಸಿರು ಮೀನನ್ನು ಎತ್ತಿ ಹಿಡಿದಳು.

"ಅದು ಬಿಡಿ. ಇದು?"

ಡಾಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಡ್ರೈವರು ಬಾಟಲಿಯನ್ನು ಒಮ್ಮೆ, ಕಿಟಕಿಯನ್ನು ಒಮ್ಮೆ ನೋಡಿದ.

"ಹಾಂ," ಎಂದ. "ಇದು."

"ಅದಕ್ಕಿಂತ ಎಷ್ಟೋ ವಾಸಿ," ಎಂದರು ಡಾಕ್ಟರು. "ಇದನ್ನ ಮೊದಲೇ ತೋರಿಸ್ಬಾರ್ದಿತ್ತಾ?"

"ಇವತ್ತಿನ ನೀರಿಗೆ ಹೇಳಿ ಮಾಡಿಸಿದ ಹಾಗಿದೆ," ಎಂದ ಗಾಡಿಯವನು, ಎದ್ದುನಿಂತು ಕೋಟು ಸರಿಮಾಡಿಕೊಳ್ಳುತ್ತ. "ಇದಾದ್ರೆ ನಾನು ನೋಡಿಲ್ಲ ಅಂದ್ಕೊಳ್ತೀನಿ. ಜೇಬಿನ ಆಳಕ್ಕೆ ಇಡಿ."

ಆಕೆ ನಗುವನ್ನು ಕಷ್ಟಪಟ್ಟು ನುಂಗಿಕೊಂಡು ನಡುಮನೆಗೆ ಬಂದಳು. ಜನ ದಾರಿ ಬಿಟ್ಟರು. ಆಳುಗಳು ಮುಚ್ಚಳವನ್ನು ಎತ್ತಲು ಸಿದ್ಧರಾಗಿ ನಿಂತರು. ಆಕೆ ಬಾಗಿ ಗಂಡನ ಜೇಬಿನೊಳಗೆ ಹಸಿರು ಮೀನನ್ನು ಇಳಿಸಿದಳು. ತಕ್ಕದ್ದೇ ಇಟ್ಟಿದ್ದೀನಿ, ಮೂರು ಜನ ಒಪ್ಪಿದ್ದಾರೆ ಎಂದು ಮನಸ್ಸಿನಲ್ಲೇ ಹೇಳಿದಳು. ಮಾತು ಉಳಿಸಿಕೊಂಡ ಸಮಾಧಾನದಲ್ಲಿ ಕೈ ಹಿಂದಕ್ಕೆ ತೆಗೆದಳು.

ಕೈ ಬರಲಿಲ್ಲ.

ಇನ್ನೊಮ್ಮೆ ಎಳೆದಳು. ಗಂಡನ ಅಂಗಿಯೇ ಎದ್ದು ಜೊತೆಗೆ ಬಂತು. ಹಿಂದೆ ನಿಂತ ನಾದಿನಿ, "ಅಯ್ಯೋ ಅತ್ತಿಗೆ ಬಿಡ್ತಿಲ್ಲ ಕಣ್ರೋ, ಅಣ್ಣನ್ನ ಬಿಡ್ತಿಲ್ಲ!" ಎಂದು ನಿಗದಿಯಾದ ಹೊತ್ತಿಗೆ ಮುಂಚೆಯೇ ಗೋಳೋ ಎಂದಳು. ಸಾಲಿಗೆ ಸಾಲೇ ಕನ್ನಡಕಗಳು ಕೆಳಗಿಳಿದವು.

"ನಾನಲ್ಲ ಕಣೇ, ಅವರು ಬಿಡ್ತಿಲ್ಲ," ಎಂದಳು ಆಕೆ. "ನನ್ನ ತೋಳಿನ ಬಟ್ಟೆಗೆ ಕೊಕ್ಕೆ ಸಿಕ್ಕಿದೆ."

ಡ್ರೈವರು ಓಡಿಬಂದ. "ಎಳೀಬೇಡಿ ಅಕ್ಕಾ! ಎಳೆದಷ್ಟೂ ಕಚ್ಕೊಳ್ಳತ್ತೆ. ತಿರುಗಿಸಿ ತೆಗೀಬೇಕು."

"ತಿರುಗಿಸಿದ್ರೆ ಬಟ್ಟೆ ಸುತ್ಕೊಳ್ಳತ್ತೆ. ಮುಂದಕ್ಕೆ ತಳ್ಳಿ ಮೊನೆ ಕತ್ತರಿಸ್ಬೇಕು. ನನ್ನ ಇಕ್ಕಳ ಕ್ಲಿನಿಕ್ಕಲ್ಲಿದೆ," ಎಂದರು ಡಾಕ್ಟರು.

"ಇಕ್ಕಳ ಎಲ್ಲ ಯಾಕೆ?" ಗಾಡಿಯವನು ಆಳುಗಳಿಗೆ ಮುಚ್ಚಳ ಕೆಳಗಿಡಲು ಸನ್ನೆ ಮಾಡಿದ. "ಕೊಕ್ಕೆಯ ಬಾಗಿಗೆ ಒಂದು ದಾರ ಹಾಕಿ ಪಟ್ಟಂತ ಜಗ್ಗಿದ್ರೆ ಆಯ್ತು. ಆದ್ರೆ ಯಾವ ದಾರ ಅನ್ನೋದು ಮುಖ್ಯ."

ಮೂರು ತಲೆಗಳೂ ಆಕೆಯ ತೋಳಿನ ಮೇಲೆ ಬಾಗಿದವು. ಯಾರೋ ಒಂದು ಸ್ಟೂಲು ತಂದು ಆಕೆಯ ಹಿಂದೆ ಇಟ್ಟರು. ಆಕೆಯ ಮುಖಕ್ಕೂ ಗಂಡನ ಮುಖಕ್ಕೂ ಈಗ ಒಂದು ಗೇಣಿನ ದೂರ. ಬಲಗಡೆಯ ಮೀಸೆ ಯಾವಾಗಲೂ ಸ್ವಲ್ಪ ಕೆಳಗೆ ಎಂದು ತಾನು ರೇಗಿಸುತ್ತಿದ್ದದ್ದು ನಿಜವೇ ಆಗಿತ್ತು. ಇಷ್ಟು ಹತ್ತಿರದಿಂದ ಆಕೆ ಅವನನ್ನು ನೋಡಿ ಎಷ್ಟೋ ದಿನವಾಗಿತ್ತು.

"ನಿಧಾನಕ್ಕೆ ನೋಡಿ," ಎಂದಳು. "ಅವಸರ ಏನಿಲ್ಲ. ಮೂರು ಜನಾನೂ ಸರಿಯಾಗಿ ಮಾತಾಡ್ಕೊಂಡು ಹೇಳಿ."

ನಾದಿನಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿ ಕತ್ತರಿ ತಂದಳು. "ಇಷ್ಟಕ್ಕೆಲ್ಲ ಏನು ರಾದ್ಧಾಂತ? ತೋಳಿನ ಬಟ್ಟೆ ಒಂದು ಚೂರು ಕತ್ತರಿಸಿದ್ರೆ ಮುಗೀತಲ್ಲ."

"ಕೊಡು ಇಲ್ಲಿ," ಎಂದಳು ಆಕೆ.

ಬಿಡುವಾಗಿದ್ದ ಕೈಯಿಂದ ಕತ್ತರಿಯನ್ನು ಇಸಿದುಕೊಂಡು, ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಕುಳಿತುಬಿಟ್ಟಳು.